ದಮಯಂತಿಯ ತಡ್ಪೆ

ಸವಣೂರು
೧೨ ಜನವರಿ ೨೦೨೫

ದಮಯಂತಿಗೆ,

ಮೊದಲು ‘ಪ್ರೀತಿಯ’ ಎಂದು ಬರೆಯಬೇಕೆಂದು ಮಗಳು ಪೂಜಿತಾ ಹೇಳಿದಳು. ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಬಾಯಿಬಿಟ್ಟು ಹೇಳದವನು ಈಗ ಬರೆದರೆ ನೀನು ಗಾಬರಿಯಾದೀಯೆಂದು ಬಿಟ್ಟಿದ್ದೇನೆ. ಇದೆ ಎಂದೇ ತಿಳಿದುಕೋ. ಫೋನಿನಲ್ಲಾದರೆ ನಾನು ರೇಗುತ್ತೇನೆ, ನೀನು ಅಳುತ್ತೀ, ಹೇಳಬೇಕಾದ್ದು ಉಳಿದೇಹೋಗುತ್ತದೆ. ಅದಕ್ಕೇ ಈ ಕಾಗದ.

ಹೋಮ್ ನರ್ಸಿಂಗ್ ತರಬೇತಿ ಬಿಟ್ಟು ಮಂಗಳೂರಿನಿಂದ ಬಂದುಬಿಡುತ್ತೇನೆ ಎಂದೆಯಂತೆ. ನಿನ್ನ ಚಿಂತೆ ನನಗೆ ಗೊತ್ತು. ಅಲ್ಲಿ ಕೊಡುವ ಭತ್ಯೆ ನಿನ್ನ ಹಾಸ್ಟೆಲಿಗೇ ಸರಿಹೋಗುತ್ತದೆ. ಪೂಜಿತಾಳ ಕಾಲೇಜು ನಡೆಯುವುದು ಬೀಡಿ ಕಟ್ಟುವವರ ಮಕ್ಕಳಿಗೆ ಸಿಗುವ ವಿದ್ಯಾರ್ಥಿವೇತನದಿಂದ. ನೀನು ಬೀಡಿ ಕಟ್ಟುವುದು ಬಿಟ್ಟ ಮೇಲೆ ನಿನ್ನ ಬೀಡಿ ಕೆಲಸದ ಪಾಸ್‌ಬುಕ್ ರದ್ದಾಯಿತು, ಈ ಸಲದ ಅರ್ಜಿಗೆ ಏನನ್ನು ಲಗತ್ತಿಸುವುದು? ಹೀಗೆ ತಾನೆ? ಅದನ್ನು ನನಗೆ ಬಿಡು. ವ್ಯವಸ್ಥೆಯಾಗಿದೆ. ಸಾಲ ಮಾಡಿಲ್ಲ, ನಿನ್ನ ಬಳೆಗಳೂ ಕಪಾಟಿನಲ್ಲೇ ಇವೆ.

ನಾನು ಬೆಳಿಗ್ಗೆ ರಬ್ಬರ್ ಟ್ಯಾಪಿಂಗ್ ಮುಗಿಸಿ ಹತ್ತಕ್ಕೆಲ್ಲ ಮನೆಗೆ ಬರುತ್ತೇನೆ. ಸಾರು ನನ್ನದೇ. ಪೂಜಿತಾ ಮಾತಿಲ್ಲದೆ ಉಣ್ಣುತ್ತಾಳೆ, ಅರ್ಥ ನೀನೇ ಮಾಡಿಕೋ. ಮಧ್ಯಾಹ್ನದ ಮೇಲೆ ಸ್ವಲ್ಪ ಕೆಲಸವಿರುತ್ತದೆ. ಬೆನ್ನು ನೋಯುತ್ತದೆ, ಅಷ್ಟೇ.

ಒಂದು ಮಾತು ಏಳು ತಿಂಗಳಿಂದ ಹೇಳದೆ ಉಳಿದಿದೆ. ನೀನು ಹೊರಟ ದಿನ ಬಸ್ ನಿಲ್ದಾಣದಲ್ಲಿ, ಅಷ್ಟು ಜನರ ಎದುರು ನಾನು, ನಲವತ್ತೆರಡಕ್ಕೆ ಎಂತ ಓದು, ಗಂಡನ ಮಾನ ತೆಗೆಯಲಿಕ್ಕಾ ಎಂದು ಕೇಳಿದೆ. ನೀನು ಕೆಮ್ಮುತ್ತಾ ಬಸ್ ಹತ್ತಿದೆ. ಅದು ಹೊಗೆಸೊಪ್ಪಿನ ಕೆಮ್ಮು, ಬೀಡಿ ಬಿಡದೆ ವಾಸಿಯಾಗದು ಎಂದು ಡಾಕ್ಟರು ಹೇಳಿದ್ದು ನನಗೂ ಕೇಳಿಸಿತ್ತು. ಕೇಳಿಯೂ ಜನರ ಬಾಯಿಗೆ ಹೆದರಿದೆ. ತಪ್ಪಾಯಿತು ದಮಯಂತಿ. ಆ ಪುಡಿ ಮೂಗಿಗೆ ಹತ್ತಿದರೆ ಎದೆ ಹೇಗೆ ಉರಿಯುತ್ತದೆಂದು ಈಗ ನನಗೂ ಗೊತ್ತು. ಹೇಗೆ ಗೊತ್ತಾಯಿತೆಂದು ಕೇಳಬೇಡ.

ಇನ್ನು ಐದೇ ತಿಂಗಳು. ಮುಗಿಸಿಯೇ ಬಾ. ಹಾಸಿಗೆ ಹಿಡಿದವರನ್ನು ನೋಯದ ಹಾಗೆ ಮಗ್ಗುಲು ತಿರುಗಿಸಲು ಕಲಿತೆಯಂತೆ, ಮೇಡಂ ಹೊಗಳಿದರಂತೆ. ತೋಟದಲ್ಲಿ ಎಲ್ಲರಿಗೂ ಹೇಳಿದ್ದೇನೆ.

ಇಂತು, ನಿನ್ನ ಸಿಡುಕು ಮೂತಿಯ ಗಂಡ
ಶೀನಪ್ಪ

ತಾ.ಕ.: ಅಮ್ಮ, ಇದು ಪೂಜಿತಾ. ಅಂಚೆಗೆ ಹಾಕಲು ಕೊಟ್ಟ ಕಾಗದ ಓದಬಾರದಿತ್ತು, ಓದಿದೆ. ಅಪ್ಪನ ‘ವ್ಯವಸ್ಥೆ’ ಏನೆಂದು ನಾನು ಹೇಳುತ್ತೇನೆ. ನೀನು ಹೋದ ಮರುವಾರವೇ ಅವರು ಗೋಡೆಯಲ್ಲಿದ್ದ ನಿನ್ನ ತಡ್ಪೆ ಇಳಿಸಿ, ಆ ಮೊರದಲ್ಲಿ ಎಲೆ, ಹೊಗೆಸೊಪ್ಪು ಹಾಕಿ ಮಡಿಲಲ್ಲಿ ಇಟ್ಟುಕೊಂಡು, ಆಚೆಮನೆ ಲೋಲಾಕ್ಷಿಯಕ್ಕನ ಹತ್ತಿರ ಬೀಡಿ ಕಟ್ಟಲು ಕಲಿತರು. ಮೊದಮೊದಲು ಎದುರು ಬಾಗಿಲು ಹಾಕಿಕೊಂಡೇ ಕಟ್ಟುತ್ತಿದ್ದರು. ಕಟ್ಟಿದ ಬೀಡಿ ತೆಗೆದುಕೊಳ್ಳುವ ಬ್ರಾಂಚಿನ ಇಮ್ತಿಯಾಝಣ್ಣ “ಎಂತ ಮಾರಾಯ್ರೆ, ಇದು ಬೀಡಿಯಾ ಪಟಾಕಿಯಾ?” ಎಂದು ಅರ್ಧಕ್ಕರ್ಧ ವಾಪಸು ಹಾಕಿದರೂ ಬಿಡಲಿಲ್ಲ. ಈಗ ಅಪ್ಪನ ಹೆಸರಿನಲ್ಲೇ ಪಾಸ್‌ಬುಕ್ ಇದೆ, ಫೋಟೋ ಸಮೇತ. ವಿದ್ಯಾರ್ಥಿವೇತನಕ್ಕೆ ಆರು ತಿಂಗಳ ಕೆಲಸ ತೋರಿಸಬೇಕಿತ್ತು, ಆಗಿದೆ. ನಿನ್ನೆ ಅರ್ಜಿ ಹಾಕಿ ಬಂದೆವು.

ಬ್ರಾಂಚ್ ಇರುವುದು ಅದೇ ಬಸ್ ನಿಲ್ದಾಣದ ಎದುರು. ಬೀಡಿ ಕೊಡುವ ದಿನ ಅದರ ಜಗುಲಿಯಲ್ಲಿ ಹೆಂಗಸರ ಸಾಲಿನಲ್ಲಿ ಕೂರುವ ಗಂಡಸು ಅಪ್ಪ ಒಬ್ಬರೇ. ಮೊನ್ನೆ ಬಸ್ಸಿಳಿದ ಯಾರೋ “ಎಂತ ಶೀನಪ್ಪಣ್ಣ, ನೀವು ಇಲ್ಲಿ?” ಎಂದು ನಕ್ಕರು.

“ಹೆಂಡ್ತಿ ಓದ್ಲಿಕ್ಕೆ ಹೋಗಿದ್ದಾಳೆ,” ಎಂದರು ಅಪ್ಪ, ಜಗುಲಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ.