ಕೆ.ಆರ್. ಎಂಬ ಎರಡಕ್ಷರ

೧೪ ಜೂನ್ ೧೯೯೩, ಸೋಮವಾರ

ಟಿ.ಸಿ.ಎಚ್. ಶಿಕ್ಷಕ ತರಬೇತಿಯ ಆಯ್ಕೆ ಪಟ್ಟಿಯಲ್ಲಿ ಈ ವರ್ಷವೂ ನನ್ನ ಹೆಸರಿಲ್ಲ. ಟೀಚರಾಗುವ ಆಸೆ ಮುಗಿಯಿತು ಅಂದುಕೊಂಡು ನಾನು ಕಲಿಸುವ ಸಂಜೆಯ ಸಾಕ್ಷರತಾ ತರಗತಿಗೂ ಚಕ್ಕರ್ ಹೊಡೆದೆ. ಚಿಕ್ಕಬೋರಜ್ಜಿ ಸ್ಲೇಟು ಹಿಡಿದು ಮನೆಗೇ ಬಂದಳು.

ನಿನ್ನೆ ಕೆ.ಆರ್.ಪೇಟೆಯಲ್ಲಿ ಅವಳ ಮೊಮ್ಮಗಳ ನಾಮಕರಣ. ಜೀವನದಲ್ಲಿ ಮೊದಲ ಸಲ, ಯಾರನ್ನೂ ಕೇಳದೆ, ಬೋರ್ಡು ಓದಿಕೊಂಡೇ ಹೊರಟಿದ್ದಳು. ಪಾಂಡವಪುರದಲ್ಲಿ 'ಕೆ.ಆರ್.' ಕಂಡಿದ್ದೇ ಬಸ್ಸು ಹತ್ತಿದ್ದಾಳೆ. ಇಳಿದದ್ದು ಕೆ.ಆರ್.ಎಸ್.ನಲ್ಲಿ. ನಾವೆಲ್ಲ ಕನ್ನಂಬಾಡಿ ಅನ್ನುವ ಊರಿಗೆ ಬೋರ್ಡಿನಲ್ಲಿ ಬೇರೆ ಹೆಸರಿದೆ ಎಂದು ನಾನು ಹೇಳಿಕೊಟ್ಟಿರಲೇ ಇಲ್ಲ. ನಾಮಕರಣ ತಪ್ಪಿಹೋಯಿತು.

ಬೈಸಿಕೊಳ್ಳಲು ಸಿದ್ಧಳಾಗಿ ಕೂತೆ.

"ನೀ ಕಲಿಸಿದ್ಕೆ ಎರಡಕ್ಷರನಾದ್ರೂ ಸರಿಯಾಗೇ ಓದ್ದೆ ಕಣ್ ಮಗ. ಕಟ್ಟೆನೂ ನೋಡ್ಕಂಡ್ ಬಂದೆ. ಬರೋ ಭಾನ್ವಾರ ಮತ್ತೆ ಓಯ್ತೀನಿ. ಮಿಕ್ಕಿದ್ದ ಏಳ್ಕೊಡು."

ಅವಳಿಗೆ ಅರವತ್ತೆರಡು. ನನಗೆ ಹತ್ತೊಂಬತ್ತು.

'ಪೇಟೆ' ಎಂದು ಬರೆದುಕೊಟ್ಟೆ. ಹತ್ತು ಸಲ ತಿದ್ದಿದಳು, ಹತ್ತು ಸಲವೂ ದೀರ್ಘ ಬಿಟ್ಟಳು, ಒಂದು ಸಲವೂ ಬೇಸರಪಡಲಿಲ್ಲ. ದಿನಾ ನನ್ನನ್ನು ಮಗ ಅನ್ನುವವಳು ಹೊಸ್ತಿಲು ದಾಟುವಾಗ, "ಬತ್ತೀನಿ ಮೇಡಮ್ಮೋರೆ" ಅಂದಳು. ತಮಾಷೆಗೇನೂ ಅಲ್ಲ.

ಮುಂದಿನ ವರ್ಷವೂ ಅರ್ಜಿ ಹಾಕುತ್ತೇನೆ. ಅದಕ್ಕೆ ಮೊದಲು, ಭಾನುವಾರದೊಳಗೆ ಆ ದೀರ್ಘ ಅವಳ ಕೈಗೆ ಕೂರಬೇಕು.