ಹಗ್ಗದ ಜಡೆ

ಉಪ್ಪಾರಹಳ್ಳಿ, ತುಮಕೂರು
೧೨-೮-೨೦೨೪

ಪ್ರೀತಿಯ ಮಗಳೇ ಅಕ್ಷತಾ,

ಹೇಗಿದ್ದೀಯ? ಕುಣಿಗಲ್‌ನಲ್ಲಿ ಊಟ ತಿಂಡಿ ಸರಿಹೋಗುತ್ತಿದೆಯಾ? ದಿನವಿಡೀ ಬಸ್ಸಿನಲ್ಲಿ ನಿಂತು ಟಿಕೆಟ್ ಕೊಡುವವಳು, ರೂಮಿಗೆ ಬಂದ ಮೇಲೆ ಸ್ವಲ್ಪ ಹೊತ್ತು ಬಿಸಿನೀರಿನಲ್ಲಿ ಕಾಲಿಟ್ಟುಕೋ. ನಾವಿಬ್ಬರೂ ಚೆನ್ನಾಗಿದ್ದೇವೆ. ನಿಮ್ಮಮ್ಮನ ಫೋನ್ ಎತ್ತುತ್ತೀಯ, ನನ್ನದು ಎತ್ತುವುದಿಲ್ಲ. ಅದಕ್ಕೇ ಈ ಕಾಗದ. ಅವತ್ತು ನೀನು, ಬೆಳಗಿನ ಐದೂವರೆಯ ಬಸ್ಸು, ತಲೆ ಬಾಚಲು ಪುರುಸೊತ್ತಿಲ್ಲ, ಕೂದಲು ಕತ್ತರಿಸಿಬಿಡುತ್ತೇನೆ ಎಂದೆ. ನಾನು ರೇಗಿ, "ಕತ್ರಿ ಮುಟ್ಟಿದ್ರೆ ಮನೆ ಕಡೆ ಬರ್ಬೇಡ ಕಣೇ" ಅಂದುಬಿಟ್ಟೆ. ಹನ್ನೆರಡು ದಿನವಾಯಿತು. ಆ ಮಾತು ಆಡಬಾರದಿತ್ತು.

ನಿನಗೆ ನೆನಪಿದೆಯೋ ಇಲ್ಲವೋ. ನಿಮ್ಮಮ್ಮ ಅಂತರಸನಹಳ್ಳಿಯ ಗಾರ್ಮೆಂಟ್ಸಿಗೆ ಸೇರಿದಾಗ ನೀನು ಒಂದನೇ ಕ್ಲಾಸು. ಅವಳು ಏಳಕ್ಕೇ ಹೊರಡುತ್ತಿದ್ದಳು, ನಿನ್ನ ಜಡೆ ನನ್ನ ಪಾಲಿಗೆ ಬಂತು. ನನಗೆ ಬರುತ್ತಿದ್ದದ್ದು ಚೇಳೂರಿನಲ್ಲಿ ನಮ್ಮವ್ವ ಕಲಿಸಿದ್ದ ತೆಂಗಿನ ನಾರಿನ ಹಗ್ಗ ಹೊಸೆಯುವುದೊಂದೇ. ಕೂದಲನ್ನೂ ಹಾಗೇ ಹೊಸೆದೆ. ಸಂಜೆ ನಿಮ್ಮಮ್ಮ ನೋಡಿ, "ಇದೇನ್ರೀ, ಮಗೀಗೆ ಜಡೆ ಹಾಕಿದ್ರೋ, ಹಸ ಕಟ್ಟಾಕೆ ಹಗ್ಗ ಹೊಸೆದ್ರೋ?" ಎಂದು ಬಿದ್ದು ಬಿದ್ದು ನಕ್ಕಳು. ನೀನು ಮಾತ್ರ, "ಅಪ್ಪನ ಜಡೇನೇ ಬೇಕು, ಅದು ಬಿಚ್ಚೋಗಲ್ಲ" ಎಂದು ಹಟ ಹಿಡಿದೆ. ನೀನು ಮೆಟ್ಟಿಲ ಮೇಲೆ ಕೂತು ಮಗ್ಗಿ ಒಪ್ಪಿಸುತ್ತಿದ್ದೆ. ಏಳರ ಮಗ್ಗಿಯಲ್ಲಿ ಎಡವಿದರೆ ನಾನು ಮೆಲ್ಲಗೆ ಜಡೆ ಎಳೆಯುತ್ತಿದ್ದೆ. ಆ ಬೆಳಗುಗಳು ನನಗೆ ಬಹಳ ನೆನಪಾಗುತ್ತವೆ.

ಈಗ ಕೇಳು, ಎರಡೇ ನಿಮಿಷದ ಕೆಲಸ. ಮಲಗುವ ಮುಂಚೆ ಸಿಕ್ಕು ಬಿಡಿಸಿ ಸಡಿಲವಾಗಿ ಹೆಣೆದುಕೋ, ಬೆಳಗ್ಗೆ ಬಾಚಣಿಗೆಗೆ ಕೆಲಸವೇ ಇರುವುದಿಲ್ಲ. ತಲೆಸ್ನಾನ ರಜೆಯ ದಿನಕ್ಕಿರಲಿ. ಒದ್ದೆ ಕೂದಲನ್ನು ಟವೆಲ್ಲಿನಿಂದ ಉಜ್ಜಬೇಡ, ಒತ್ತಿ ಒರೆಸು. ಆರುವ ಮುಂಚೆ ಬಿಗಿದು ಕಟ್ಟಲೂಬೇಡ. ಡ್ಯೂಟಿಗೆ ಹೊರಡುವಾಗ ಹಿಂದಕ್ಕೆ ಎತ್ತಿ ರಬ್ಬರ್ ಬ್ಯಾಂಡ್ ಹಾಕಿ ಎರಡು ಪಾಲು ಮಾಡು. ಎರಡನ್ನೂ ಬೇರೆಬೇರೆಯಾಗಿ ಬಲಕ್ಕೆ ಹುರಿ ಮಾಡಿ, ಆಮೇಲೆ ಒಂದರ ಮೇಲೊಂದನ್ನು ಎಡಕ್ಕೆ ಸುತ್ತು. ಎಲ್ಲವನ್ನೂ ಒಂದೇ ಕಡೆಗೆ ಸುತ್ತಿದರೆ ಬಿಚ್ಚಿಕೊಳ್ಳುತ್ತದೆ. ತುದಿಗೆ ಇನ್ನೊಂದು ಬ್ಯಾಂಡ್, ಮೇಲಕ್ಕೆ ಸುತ್ತಿ ನಾಲ್ಕು ಪಿನ್ನು. ಬಸ್ಸು ಗುಬ್ಬಿಗೆ ನಾಲ್ಕು ಸಲ ಹೋಗಿ ಬಂದರೂ ಜಡೆ ಅಲುಗುವುದಿಲ್ಲ.

ನಿಮ್ಮಮ್ಮ ಚಟ್ನಿಪುಡಿ ಕುಟ್ಟಿಟ್ಟಿದ್ದಾಳೆ. ಶಿವ ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನಪ್ಪ,
ಬೆಟ್ಟಸ್ವಾಮಿ

ಇನ್ನೊಂದು ಮಾತು: ಕಾಗದ ಓದಿ ನಿಮ್ಮಮ್ಮ, "ಇನ್ನೂ ಜಡೆ ಬಿಡಾಕೆ ಮನಸಿಲ್ವಲ್ಲಾ ನಿಮ್ಗೆ" ಅಂದಳು. ನಿಜವೇ. ಜಡೆ ಹೋದರೆ ನೀನು ಪೂರಾ ದೊಡ್ಡವಳಾಗಿಬಿಡುತ್ತೀಯ ಎಂದು ಸಂಕಟವಾಯಿತು, ಅದನ್ನು ಹೇಳಲು ಬಾರದೆ ಕೂಗಾಡಿದೆ. ತಲೆ ನಿನ್ನದು, ಕತ್ತರಿಸಿಕೋ. ಭಾನುವಾರ ಚಟ್ನಿಪುಡಿ ಹಿಡಿದು ಕುಣಿಗಲ್ ಬಸ್‌ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ. ಹೇಗಿದ್ದರೂ ಗುರುತು ಹಿಡಿಯುತ್ತೇನೆ, ಬಾ.