ಕಿಲಿಯಾನನ ಮೂಗು

ಆಗಸ್ಟ್ 26, ಬೆಳಿಗ್ಗೆ

ಇವತ್ತೂ ಕೊಯ್ಲಿಲ್ಲ. ಆಳುಗಳಿಗೆ ಕಾಫಿ ಕೊಟ್ಟೆ, ಟ್ರ್ಯಾಕ್ಟರಿಗೆ ಡೀಸೆಲ್ ಹಾಕಿಸಿದೆ — ನನ್ನ ಗಂಡ ಕಿಲಿಯಾನ್ ಬಿಯರಿಗೆ ಹಾಕುವ ಹಾಪ್ಸ್ ಹೂವೊಂದನ್ನು ಬಳ್ಳಿಯಿಂದ ಕಿತ್ತು, ಅಂಗೈಯಲ್ಲಿ ಉಜ್ಜಿ, ಮೂಗಿಗೆ ಹಿಡಿದು, "ಇನ್ನೂ ಘಮ ಬಂದಿಲ್ಲ" ಎಂದ. ಮುಗಿಯಿತು. ಎಲ್ಲರೂ ವಾಪಸ್.

ಪಕ್ಕದ ತೋಟದ ಗಂಗೋಲ್ಫನದು ಅರ್ಧ ಕೊಯ್ದಾಯಿತು. ಅದೇ ಮಣ್ಣು, ಅದೇ ಸ್ಪಾಲ್ಟರ್ ತಳಿ. ಆದರೆ ಈ ಊರಲ್ಲಿ ಕಿಲಿಯಾನನ ಮೂಗಿಗೆ ಎದುರು ಮಾತಿಲ್ಲ. ಬಾಯಿ ಮುಚ್ಚಿಕೊಂಡು ಬಂದೆ. ಪೂರ್ತಿ ಮುಚ್ಚಿಕೊಳ್ಳಲಿಲ್ಲ ಅನ್ನಿ.

ಆಗಸ್ಟ್ 28

"ಇನ್ನೂ ಬಂದಿಲ್ಲ."

ಗಂಗೋಲ್ಫ್ ಬೇಲಿಯಾಚೆಯಿಂದ, "ಏನತ್ತಿಗೆ, ಕ್ರಿಸ್‌ಮಸ್ಸಿಗೆ ಕೊಯ್ತೀರಾ?"

"ನಿನ್ ಕೆಲ್ಸ ನೋಡ್ಕೋ" ಎಂದೆ. ಬಿಯರಿಗೆ ಬೇಕಾದ ಕಹಿ ಯಾವ ಹಾಪ್ಸಿನಿಂದಲಾದರೂ ಸಿಗುತ್ತದೆ, ನಮ್ಮ ಹೂವಿಗೆ ಬೆಲೆ ಬರುವುದೇ ಘಮದಿಂದ. ದಿನ ಮೀರಿತೋ, ಈರುಳ್ಳಿ ವಾಸನೆ. ನಮ್ಮ ಹೂ ಕೊಳ್ಳುವ ಬಿಯರ್ ಬ್ರೂವರಿಯ ಎಂಗೆಲ್‌ಹಾರ್ಟ್ ಒಮ್ಮೆ ಮೂಸಿ ಹೊರಟುಬಿಡುತ್ತಾನೆ. ಅವನು ಕೈಬಿಟ್ಟರೆ ಬಳ್ಳಿ ಕಿತ್ತು ಜೋಳ ಹಾಕುವುದೇ.

ಆಗಸ್ಟ್ 29, ಸಂಜೆ

ನಾನೇ ಹೋಗಿ ಉಜ್ಜಿ ನೋಡಿದೆ. ಘಮ ಬಂದಿದೆ. ತುದಿಯ ಎರಡು ಸಾಲಿನಲ್ಲಿ ಆಗಲೇ ಈರುಳ್ಳಿ.

"ಬುದ್ಧಿ ನೆಟ್ಟಗಿದ್ಯಾ ನಿಂಗೆ?" ಎಂದೆ ಕಿಲಿಯಾನನಿಗೆ.

"ಮೂಗು ನಂದು ಆಫ್ರಾ, ನಿಂದಲ್ಲ." ಬಾಗಿಲು ಬಡಿದುಕೊಂಡು ಹೋದ. ಕೋಣ.

ಆಗಸ್ಟ್ 30

ಒಲೆಯ ಮೇಲೆ ಪ್ಲಮ್ ಜಾಮ್ ಇಟ್ಟು ಹಿತ್ತಲಿಗೆ ಹೋಗಿದ್ದೆ. ಸೀದ ವಾಸನೆ ಅಲ್ಲಿಗೇ ಬಂತು. ಓಡಿ ಬಂದರೆ ಕಿಲಿಯಾನ್ ಒಲೆಗೆ ಬೆನ್ನು ಮಾಡಿ ಪೇಪರ್ ಓದುತ್ತಾ ಕೂತಿದ್ದಾನೆ. ಪಾತ್ರೆಯ ತಳ ಕರಿ.

"ವಾಸ್ನೆ ಬರ್ಲಿಲ್ವಾ?"

ತಲೆಯೆತ್ತಿದ. ಪೇಪರ್ ಮಡಿಸಿದ.

"ಯಾವಾಗಿಂದ?"

"ಈಸ್ಟರ್‌ನಲ್ಲಿ ಜ್ವರ ಬಂತಲ್ಲ... ಅವತ್ತಿಂದ."

"ನಂಗೆ ಹೇಳೋಕೇನಾಗಿತ್ತು ದಾಡಿ?"

"ಇವತ್ತು ಸರಿಹೋಗುತ್ತೆ, ನಾಳೆ ಸರಿಹೋಗುತ್ತೆ ಅನ್ಕೊಂಡೆ."

ಬೈಯಬೇಕೆಂದು ಬಾಯಿ ತೆರೆದೆ, ಅಳು ಬಂತು. ಅದಕ್ಕೂ ಅವನ ಮೇಲೇ ಸಿಟ್ಟು. ಮಧ್ಯಾಹ್ನವೇ ಕೊಯ್ಲು ಶುರು ಮಾಡಿಸಿದೆ.

ಸೆಪ್ಟೆಂಬರ್ 4

ಬರೆಯಲು ಪುರುಸೊತ್ತೇ ಇಲ್ಲ. ಕೊಯ್ಲು, ಒಣಗಿಸುವುದು, ಮೂಟೆ. ತುದಿಯ ಸಾಲುಗಳದ್ದು ಬೇರೆ ಮೂಟೆ. ಜನರ ಮುಂದೆ ನಾಟಕ — ಅವನು ಉಜ್ಜಿ ಮೂಸುತ್ತಾನೆ, ಹೂ ಚೆನ್ನಾಗಿದ್ದರೆ ನಾನು ಹಿಂದಿನಿಂದ ಕೆಮ್ಮುತ್ತೇನೆ. ನಿನ್ನೆ ಧೂಳಿಗೆ ನಿಜವಾದ ಕೆಮ್ಮೇ ಬಂದು ಎಲ್ಲ ಎಡವಟ್ಟು.

"ಎಷ್ಟ್ ದಿನ ಹೀಗೆ?" ಎಂದೆ.

"ಮೂಗಿಲ್ಲ ಅಂತ ಗೊತ್ತಾದ್ರೆ ಈ ಊರಲ್ಲಿ ನಾನ್ಯಾರು?" ಎಂದ.

ಸೆಪ್ಟೆಂಬರ್ 9

ಎಂಗೆಲ್‌ಹಾರ್ಟ್ ಬಂದ. ಕರೆಯದೆ ಗಂಗೋಲ್ಫನೂ ವಕ್ಕರಿಸಿದ. ಎಂಗೆಲ್‌ಹಾರ್ಟ್ ನಮ್ಮ ಹೂ ಮೂಸಿ ತಲೆಯಾಡಿಸಿದ. ಉಸಿರು ಬಿಟ್ಟೆ. ಆಮೇಲೆ ಜೇಬಿನಿಂದ ಪೊಟ್ಟಣ ತೆಗೆದು ಕಿಲಿಯಾನನ ಅಂಗೈಗೆ ಸುರಿದ.

"ಇದು ಬೇರೆಯವ್ರದು. ತಗೊಳ್ಳೋದೋ ಬೇಡ್ವೋ ಅಂತ ಒದ್ದಾಡ್ತಿದೀನಿ. ನೀವು ಹೇಳಿದ ಹಾಗೆ ಮಾಡ್ತೀನಿ."

ನಾನು ಮೂಸದ ಹೂವಿಗೆ ಏನೆಂದು ಕೆಮ್ಮಲಿ? ಕಿಲಿಯಾನ್ ಉಜ್ಜಿದ. ಮೂಗಿಗೆ ಹಿಡಿದ. ತುಂಬ ಹೊತ್ತು. ಏನೋ ಒಂದು ಹೇಳು ಮಾರಾಯ, ಎಂದು ನನ್ನ ಮನಸ್ಸು. ಕೈ ಇಳಿಸಿದ.

"ಯಾರೋ ವರ್ಷವಿಡೀ ದುಡಿದು ಬೆಳೆದದ್ದು. ಸುಮ್ನೆ ಊಹೆ ಮಾಡಿ ಹೇಳೋಕಾಗಲ್ಲ. ನಂಗೆ ವಾಸನೆನೇ ಗೊತ್ತಾಗಲ್ಲ ಕಣಯ್ಯ, ಈಸ್ಟರ್‌ನಿಂದ. ನಮ್ಮದನ್ನ ನೋಡಿದ್ದೂ ಆಫ್ರಾನೇ."

ಗಂಗೋಲ್ಫ್ ನಗುತ್ತಾನೆಂದುಕೊಂಡೆ. ಟೋಪಿ ತೆಗೆದು ನೆಲ ನೋಡುತ್ತಾ ನಿಂತ. ಕಿಲಿಯಾನ್ ಹೂಗಳನ್ನು ನನ್ನ ಅಂಗೈಗೆ ಹಾಕಿದ. ಉಜ್ಜಿದೆ. ಚೆನ್ನಾಗಿತ್ತು.

"ತಗೊಳ್ಳಿ" ಎಂದೆ.

ನಮ್ಮದನ್ನೂ ತೆಗೆದುಕೊಂಡ, ತುದಿಯ ಸಾಲುಗಳದ್ದು ಬಿಟ್ಟು.

ಸೆಪ್ಟೆಂಬರ್ 10, ಬೆಳಿಗ್ಗೆ

ಊರಿಗೆಲ್ಲ ಗೊತ್ತಾಗಿದೆ. ಕಿಲಿಯಾನ್ ಬೆಂಚಿನ ಮೇಲೆ ಕೂತು ಒಂದರ ಮೇಲೊಂದು ಹೂ ಉಜ್ಜುತ್ತಿದ್ದಾನೆ. ಗುಡಿಸುವವಳು ನಾನು.

"ಏನದು ಸುಮ್ನೆ ಕಸ?"

ಅಂಗೈಯನ್ನು ನನ್ನ ಮೂಗಿನ ಹತ್ತಿರ ತಂದ. "ಹೇಗಿದೆ, ಹೇಳು."

"ಚೆನ್ನಾಗಿದೆ."

"ಹಾಗಲ್ಲ. ಸರಿಯಾಗಿ ಹೇಳು."

ರಾಶಿ ಕೆಲಸ ಬಿದ್ದಿದೆ. ಪೊರಕೆ ಇಟ್ಟು ಕೂತೆ. ಕಣ್ಣು ಮುಚ್ಚಿದೆ. ಒಣಹುಲ್ಲು, ಎಂದೆ. ನಿಂಬೆ ಸಿಪ್ಪೆ. ಆಮೇಲೆ... ನಾವು ಮದುವೆಯಾದ ವರ್ಷ, ಕೊಯ್ಲು ಮುಗಿಸಿ ಬಂದು ನೀನು ಬಿಚ್ಚಿಡುತ್ತಿದ್ದ ಅಂಗಿ —